ಮಗಳಿಗೆ ಏಳೂವರೆ ವರ್ಷ, ಹಾಲು ನಿಲ್ಲಿಸಬೇಕಾ? ಅನುಭವ ಇದ್ದವರು ಹೇಳಿ

ಆರ್.ಆರ್. ನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ಹೋದ ವಾರ ಮಗಳಿಗೆ ಎಣ್ಣೆಸ್ನಾನ ಮಾಡಿಸುವಾಗ ಎದೆಯ ಒಂದು ಕಡೆ ಸಣ್ಣ ಗಂಟು ಕೈಗೆ ಸಿಕ್ಕಿತು. ಮುಟ್ಟಿದರೆ ನೋವು ಎನ್ನುತ್ತಾಳೆ. ಅವಳಿಗೆ ಈಗ ಏಳೂವರೆ ವರ್ಷ, ತೂಕ 31 ಕೆ.ಜಿ. ದಿನಕ್ಕೆ ಎರಡು ಲೋಟ ಹಾಲು, ರಾತ್ರಿ ಮೊಸರನ್ನ. ನಮ್ಮ ಅತ್ತೆ "ಹಸುವಿಗೆ ಚುಚ್ಚುವ ಇಂಜೆಕ್ಷನ್ನು ಹಾಲಿನಲ್ಲಿ ಬರುತ್ತೆ, ಅದಕ್ಕೇ ಈಗಿನ ಹೆಣ್ಣುಮಕ್ಕಳು ಬೇಗ ದೊಡ್ಡವರಾಗುವುದು, ಇವತ್ತಿಂದಲೇ ನಿಲ್ಲಿಸು" ಎನ್ನುತ್ತಿದ್ದಾರೆ. ಯಜಮಾನರು ನಾಟಿ ಹಸುವಿನ ಹಾಲು ತರಿಸೋಣ ಎನ್ನುತ್ತಾರೆ. ಡಾಕ್ಟರ ಹತ್ತಿರ ಇನ್ನೂ ಹೋಗಿಲ್ಲ. ಹಾಲು ಬದಲಿಸಿದವರು, ಪೂರ್ತಿ ಬಿಟ್ಟವರು ಇದ್ದರೆ ಏನಾಯಿತು ಹೇಳಿ. ರಾತ್ರಿ ನಿದ್ದೆ ಬರುತ್ತಿಲ್ಲ.

ಹಾಸನದವಳು, ಈಗ ಮೈಸೂರು:
ನಾನು ಹಾಲು ಬದಲಿಸಿದವಳು. ಬದಲಿಸಿ ಎಂಟು ತಿಂಗಳು ಸುಮ್ನೆ ಕೂತವಳು. ಆ ಎಂಟು ತಿಂಗಳು ಇವತ್ತಿಗೂ ನನ್ನನ್ನು ಸುಡುತ್ತಿದೆ.

2021ರಲ್ಲಿ ನನ್ನ ಮಗಳಿಗೆ ಏಳು ವರ್ಷ. ಹೀಗೇ ಗಂಟು. ಎಲ್ಲರೂ ಹಾಲು ಹಾಲು ಎಂದರು. ಪ್ಯಾಕೆಟ್ ಹಾಲು ಆಗ ಲೀಟರಿಗೆ 37 ರೂಪಾಯಿ. ಅದನ್ನು ಬಿಟ್ಟು 100 ರೂಪಾಯಿಯ ನಾಟಿ ಹಾಲು ಹಾಕಿಸಿಕೊಂಡೆ, ದಿನಕ್ಕೆ ಎರಡು ಲೀಟರ್. 240 ದಿನಕ್ಕೆ ಹೆಚ್ಚುವರಿ 30,240 ರೂಪಾಯಿ. ಲೆಕ್ಕ ಬರೆದಿಟ್ಟಿದ್ದೇನೆ. ಗಂಟು ಕರಗಲಿಲ್ಲ. ಇನ್ನೊಂದು ಕಡೆಯೂ ಬಂತು. ಆ ಎಂಟು ತಿಂಗಳಲ್ಲಿ ಅವಳು ಆರು ಸೆಂಟಿಮೀಟರ್ ಬೆಳೆದಳು. ನಾನು ಒಳ್ಳೆ ಹಾಲು ಕುಡಿದು ಬೆಳೆಯುತ್ತಿದ್ದಾಳೆ ಎಂದುಕೊಂಡು ಖುಷಿಪಟ್ಟೆ. ಅದು ಖುಷಿಯ ಸಂಗತಿ ಆಗಿರಲಿಲ್ಲ. ಕಂಕುಳಲ್ಲಿ ಕೂದಲು ಕಂಡ ದಿನ ಓಡಿದೆ.

ಮೊದಲ ಡಾಕ್ಟರು "ದಪ್ಪ ಇದ್ದಾಳೆ, ಅದು ಕೊಬ್ಬು" ಎಂದು ಕಳಿಸಿದರು. ಎರಡನೆಯವರು ಮೂರನೆಯವರ ಹತ್ತಿರ ಕಳಿಸಿದರು. ಮೂರನೆಯವರು ಮಕ್ಕಳ ಹಾರ್ಮೋನ್ ಡಾಕ್ಟರು. ಮೂವರ ಫೀಸು 2,700. ಮೂಳೆಯ ವಯಸ್ಸು ನೋಡಲು ಎಡಗೈ ಎಕ್ಸ್‌ರೇ 500. ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನ್‌ಗಳ ರಕ್ತ ಪರೀಕ್ಷೆ 2,200. ಹೊಟ್ಟೆ ಸ್ಕ್ಯಾನ್ 1,400. ಆಮೇಲೆ ಒಂದು ಇಂಜೆಕ್ಷನ್ ಕೊಟ್ಟು ಮತ್ತೆ ಮತ್ತೆ ರಕ್ತ ತೆಗೆಯುವ ಪರೀಕ್ಷೆ 6,800. ಮಗು ಅತ್ತು ಅತ್ತು ಕೈ ಚಾಚಲೇ ಇಲ್ಲ, ಇಬ್ಬರು ಹಿಡಿದುಕೊಳ್ಳಬೇಕಾಯಿತು. ತಲೆಯ ಎಂಆರ್‌ಐ 9,000, ಮೆದುಳಿನಲ್ಲಿ ಗಡ್ಡೆ ಏನಾದರೂ ಇದೆಯಾ ನೋಡಲು. ಒಟ್ಟು 22,600. ದೇವರ ದಯೆ, ಗಡ್ಡೆ ಇರಲಿಲ್ಲ. ಆದರೆ ಏಳು ವರ್ಷ ಎಂಟು ತಿಂಗಳ ಹುಡುಗಿಯ ಮೂಳೆಗೆ ಹತ್ತು ವರ್ಷ ಆಗಿತ್ತು.

ಮೈನೆರೆಯುವುದನ್ನು ತಡೆದು ಹಿಡಿಯಲು ಮೂರು ತಿಂಗಳಿಗೊಂದು ಲ್ಯೂಪ್ರೊಲೈಡ್ ಇಂಜೆಕ್ಷನ್, 11.25 ಮಿಲಿಗ್ರಾಂ. ಒಂದಕ್ಕೆ 9,200. ಹದಿಮೂರು ಇಂಜೆಕ್ಷನ್, 1,19,600. ಇನ್ಶೂರೆನ್ಸ್‌ನವರು ಒಂದು ರೂಪಾಯಿ ಕೊಡಲಿಲ್ಲ. ನನ್ನ ಎರಡು ಬಳೆ ಹೋಯಿತು. ಮೂಳೆ ಬೇಗ ಮಾಗಿದರೆ ಬೆಳವಣಿಗೆ ಬೇಗ ನಿಲ್ಲುತ್ತದೆ. ಎಂಟು ತಿಂಗಳು ಮುಂಚೆ ಹೋಗಿದ್ದರೆ ಅವಳು ಇನ್ನೂ ಎಷ್ಟು ಎತ್ತರ ಆಗುತ್ತಿದ್ದಳೋ. ಈಗ ಕ್ಲಾಸಿನ ಸಾಲಿನಲ್ಲಿ ಮುಂದೆ ನಿಲ್ಲುತ್ತಾಳೆ.

ತಿಲ ಮತ್ತು ರಾಗಿ, ಮಲ್ಲೇಶ್ವರಂ:
ಹಾಸನದ ಅಕ್ಕ, ನಿಮ್ಮ ಮಗಳ ವಿಷಯ ಓದಿ ಬೇಸರವಾಯಿತು. ಆದರೆ ನೀವು ಹಾಲು ಬದಲಿಸಿದ್ದೀರಿ, ಬಿಟ್ಟಿಲ್ಲ. ಎರಡೂ ಒಂದೇ ಅಲ್ಲ.

ನಾವು 2019ರ ಯುಗಾದಿಯಿಂದ ಮನೆಗೆ ಹಾಲು ತಂದಿಲ್ಲ. ಕಾರಣ ನಾನು. ಹದಿನಾರನೇ ವಯಸ್ಸಿನಿಂದ ಪಿಸಿಓಡಿ, ಮುಟ್ಟು ಮೂರು ತಿಂಗಳಿಗೊಮ್ಮೆ. ಎಲ್ಲರೂ ಚುಚ್ಚುವ ಇಂಜೆಕ್ಷನ್ ಬಗ್ಗೆ ಮಾತಾಡುತ್ತಾರೆ. ಯಾರೂ ಚುಚ್ಚದಿದ್ದರೂ ಹಾಲಿನಲ್ಲಿ ಹಾರ್ಮೋನ್ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಹಸು ಕರು ಹಾಕಿದ ಮೂರು ತಿಂಗಳಿಗೇ ಮತ್ತೆ ಗಬ್ಬ ಕಟ್ಟಿಸುತ್ತಾರೆ. ಗಬ್ಬದ ಹಸುವನ್ನೇ ಏಳು ತಿಂಗಳವರೆಗೂ ಕರೆಯುತ್ತಾರೆ. ಗಬ್ಬ ಬಲಿತಂತೆ ಹಾಲಿನಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಏರುತ್ತದೆ. ಪ್ರೊಜೆಸ್ಟರಾನ್ ಕೊಬ್ಬಿಗೆ ಅಂಟಿಕೊಳ್ಳುತ್ತದೆ, ಅಂದರೆ ಕೆನೆ, ಬೆಣ್ಣೆ. ಕಾಯಿಸಿದರೆ ಹೋಗುವುದಿಲ್ಲ. 2010ರಲ್ಲಿ ಜಪಾನಿನಲ್ಲಿ ಗಂಡಸರಿಗೂ ಮಕ್ಕಳಿಗೂ ಹಾಲು ಕುಡಿಸಿ ನೋಡಿದರು. ಅವರ ಮೂತ್ರದಲ್ಲಿ ಈ ಹಾರ್ಮೋನ್ ಏರಿತ್ತು. ಇದನ್ನು ಓದಿದ ದಿನವೇ ನಾನು ಹಾಲಿನವನಿಗೆ ಬೇಡ ಎಂದೆ.

ಸುಲಭ ಇರಲಿಲ್ಲ. ಮೊದಲ ತಿಂಗಳು ಗೋಡಂಬಿ ಹಾಲು ಮಾಡಲು ಹೋಗಿ 3,400 ರೂಪಾಯಿ ಗೋಡಂಬಿಗೇ ಹೋಯಿತು. ಅಂಗಡಿಯ ಬಾದಾಮಿ ಹಾಲಿನಲ್ಲಿ ಬರೀ ಸಕ್ಕರೆ. ಈಗ ಎಳ್ಳು ನೆನೆಸಿ ರುಬ್ಬಿ ಸೋಸುತ್ತೇನೆ, ರಾಗಿ ಹಾಲಿನ ಜೊತೆ ಬೆರೆಸುತ್ತೇನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ, ನೂರು ಮಿಲಿ ಹಸುವಿನ ಹಾಲಿನಲ್ಲಿ 120. ಕಾಫಿ ಬಿಡುವುದೇ ದೊಡ್ಡ ಕಷ್ಟವಾಯಿತು. ನಮ್ಮ ಮಾವ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಮಗನ ಬಿ12 ಎರಡನೇ ವರ್ಷ 118ಕ್ಕೆ ಇಳಿದು ಕಾಲು ಜುಮ್ಮೆನ್ನಲು ಶುರುವಾಯಿತು. ಹತ್ತು ಇಂಜೆಕ್ಷನ್ ಹಾಕಿಸಿದೆವು. ಈಗ ವಾರಕ್ಕೊಂದು ಮಾತ್ರೆ, ನಾಲ್ವರಿಗೂ. ಇದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ಮುಟ್ಟು ಈಗ 32 ದಿನಕ್ಕೆ ಸರಿಯಾಗಿ ಬರುತ್ತದೆ. ಹದಿನೆಂಟು ವರ್ಷದ ಮಾತ್ರೆ ಮಾಡದ ಕೆಲಸ ಅದು.

ಬೇರೊಂದು ತಾಯಿಯ ಹಾಲು ನಮ್ಮ ಮಕ್ಕಳಿಗೆ ಯಾಕೆ ಬೇಕು? ಹಾಲು ಮಾರುವವರು ಹೇಳುವುದನ್ನು ನಂಬಬೇಡಿ.

ಮದ್ದೂರಿನ ಹೈನುಗಾರ:
ಹಾಲು ಮಾರುವವರು ಎಂದರೆ ನಾನು. ಆರು ಸೀಮೆಹಸು, ಒಂದು ನಾಟಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಕರೆದು, ಆರೂವರೆಗೆ ಡೇರಿಯಲ್ಲಿ ಕ್ಯಾನ್ ಇಳಿಸುತ್ತೇನೆ. ನಮಗೆ ಲೀಟರಿಗೆ ಸಿಗುವುದು ಮೂವತ್ತು ಚಿಲ್ಲರೆ, ಜೊತೆಗೆ ಸರ್ಕಾರದ ಐದು ರೂಪಾಯಿ, ಅದೂ ತಿಂಗಳುಗಟ್ಟಲೆ ತಡ. ಹಿಂಡಿ ಮೂಟೆ 1,300 ದಾಟಿದೆ. ಮೇಡಂ ಒಂದು ತಿಂಗಳ ಗೋಡಂಬಿಗೆ ಕೊಟ್ಟ ದುಡ್ಡು ನನಗೆ ಎರಡೂವರೆ ಮೂಟೆ ಹಿಂಡಿ.

ಇಂಜೆಕ್ಷನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕೊಟ್ಟವನು ಯಾರೂ ಮಾತಾಡುವುದಿಲ್ಲ. ನಾನು ಕೊಟ್ಟಿದ್ದೇನೆ. ಹೇಳುತ್ತೇನೆ.

2016ರಲ್ಲಿ 72,000 ಕೊಟ್ಟು ಒಂದು ಎಚ್‌ಎಫ್ ತಳಿಯ ಸೀಮೆಹಸು ತಂದೆ. ಸಾಲದ ಹಸು. ಐದನೇ ದಿನ ಕರು ಸತ್ತಿತು. ಕರು ಇಲ್ಲದೆ ಹಸು ಸೊರೆ ಬಿಡಲಿಲ್ಲ. ಹದಿನಾಲ್ಕು ಲೀಟರಿನ ಹಸು ನಾಲ್ಕು ಲೀಟರಿಗೆ ನಿಂತಿತು, ಕೈ ಹಾಕಿದರೆ ಒದೆಯುತ್ತಿತ್ತು. ನಮ್ಮಜ್ಜನ ಕಾಲದಲ್ಲಿ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದರು, ತಾಯಿ ಅದನ್ನು ನೆಕ್ಕುತ್ತಾ ಸೊರೆ ಬಿಡುತ್ತಿತ್ತು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಬ್ಯಾಂಕಿನ ಕಂತು ತಲೆ ಮೇಲಿತ್ತು. ಒಬ್ಬ ಬಂದು ಲೇಬಲ್ ಇಲ್ಲದ ಪ್ಲಾಸ್ಟಿಕ್ ಬಾಟಲಿ ಕೊಟ್ಟ. 50 ರೂಪಾಯಿ. ಚುಚ್ಚಿದ ಒಂದೇ ನಿಮಿಷಕ್ಕೆ ಕೆಚ್ಚಲು ತುಂಬಿ ಬಂತು. ಎಪ್ಪತ್ತು ದಿನ, ಎರಡು ಹೊತ್ತು, 140 ಸೂಜಿ. ಹಸು ನನ್ನ ಹೆಜ್ಜೆ ಸಪ್ಪಳ ಕೇಳಿದರೆ ನಡುಗಲು ಶುರು ಮಾಡಿತು. ಬಾಟಲಿ ನಿಲ್ಲಿಸಿದರೆ ಹಾಲೇ ಇಳಿಯುತ್ತಿರಲಿಲ್ಲ. ಆಮೇಲೆ ಬೆದೆಗೆ ಸರಿಯಾಗಿ ಬರಲಿಲ್ಲ. ನಾಲ್ಕು ಸಲ ಸೆಮೆನ್ ಹಾಕಿಸಿದೆ, ಗಬ್ಬ ನಿಲ್ಲಲಿಲ್ಲ. ಕೊನೆಗೆ 26,000ಕ್ಕೆ ಹೋಯಿತು. 46,000 ನಷ್ಟ. ಯಾರಿಗೆ ಮಾರಿದೆ ಎಂದು ಇಲ್ಲಿ ಬರೆಯಲು ಕೈ ಬರುವುದಿಲ್ಲ.

ಎರಡು ವರ್ಷದ ನಂತರ ಇನ್ನೊಂದು ಹಸುವಿನ ಕರು ಸತ್ತಿತು. ಆಗ ಮುಂದೆ ಹಿಂಡಿ ಇಟ್ಟು, ಬಿಸಿನೀರಿನ ಬಟ್ಟೆಯಲ್ಲಿ ಕೆಚ್ಚಲು ಒತ್ತಿ, ನಮ್ಮ ಹೆಂಗಸರು ಬೆನ್ನು ಸವರುತ್ತಾ ನಿಂತರು. ಹನ್ನೊಂದು ದಿನ ಹಿಡಿಯಿತು. ಈಗಲೂ ಆ ಹಸು ನಮ್ಮ ಕೊಟ್ಟಿಗೆಯಲ್ಲಿದೆ. ನಮ್ಮೂರಿನಲ್ಲಿ ಯಾರ ಮನೆಯಲ್ಲಾದರೂ ಆ ಬಾಟಲಿ ಕಂಡರೆ ನಾನೇ ಹೋಗಿ ಚರಂಡಿಗೆ ಸುರಿಯುತ್ತೇನೆ.

ತಿಲ ಮೇಡಂ, ಗಬ್ಬದ ಹಸುವನ್ನು ಕೊನೆಯವರೆಗೂ ಹಿಂಡುವುದಿಲ್ಲ. ಏಳು ತಿಂಗಳಿಗೆ ಹಾಲು ಬತ್ತಿಸುತ್ತೇವೆ, ಎರಡು ತಿಂಗಳು ಪೂರ್ತಿ ವಿಶ್ರಾಂತಿ. ನಾವು ವಿಷ ಮಾರುತ್ತಿಲ್ಲ. ನನ್ನ ಎರಡು ಹೆಣ್ಣುಮಕ್ಕಳು ಅದೇ ಹಾಲು ಕುಡಿದು ಬೆಳೆದವರು.

ಲೇಬರ್ ವಾರ್ಡ್ ನರ್ಸ್, ದಾವಣಗೆರೆ:
ಎಲ್ಲರೂ ಬರೀ "ಇಂಜೆಕ್ಷನ್" ಎನ್ನುತ್ತಿದ್ದೀರಿ. ಅದಕ್ಕೆ ಹೆಸರಿದೆ, ಆಕ್ಸಿಟೋಸಿನ್. ಅದು ನನ್ನ ಜೀವ ಉಳಿಸಿದ ಔಷಧಿ. ಅದನ್ನು ರಾಕ್ಷಸ ಮಾಡಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

2011ರಲ್ಲಿ ನನ್ನ ಹೆರಿಗೆ. ಮಗು ಬಂತು, ಕಸ ಬಂತು, ರಕ್ತ ನಿಲ್ಲಲಿಲ್ಲ. ಹಾಸಿಗೆಯಿಂದ ನೆಲಕ್ಕೆ ಹನಿಯುವ ಸದ್ದು ನನಗೇ ಕೇಳುತ್ತಿತ್ತು. ಡ್ರಿಪ್‌ನಲ್ಲಿ ಆಕ್ಸಿಟೋಸಿನ್ ಹಾಕಿ ಗರ್ಭಕೋಶ ಬಿಗಿಯಾಗುವಂತೆ ಮಾಡಿದರು. ಎರಡು ಬಾಟಲಿ ರಕ್ತ ಬೇಕಾಯಿತು. ಇವತ್ತು ಪ್ರತಿ ಹೆರಿಗೆ ಆದ ಕೂಡಲೇ ಹತ್ತು ಯೂನಿಟ್ ಕೊಡುವುದು ನನ್ನದೇ ಕೆಲಸ.

2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ, ಹಸುಗಳಿಗೆ ದುರುಪಯೋಗ ಆಗುತ್ತಿದೆ ಎಂದು ಖಾಸಗಿ ಕಂಪನಿಗಳು ಇದನ್ನು ದೇಶದೊಳಗೆ ಮಾರಲು ತಯಾರಿಸುವಂತಿಲ್ಲ ಎಂದಿತು. ಇಡೀ ದೇಶಕ್ಕೆ ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ, ಕರ್ನಾಟಕ ಆ್ಯಂಟಿಬಯಾಟಿಕ್ಸ್ ಒಂದೇ ಪೂರೈಸಬೇಕು ಎಂದಾಯಿತು. ಜುಲೈ ಎಂದರು, ಸೆಪ್ಟೆಂಬರಿಗೆ ಮುಂದೆ ಹಾಕಿದರು. ಆ ತಿಂಗಳುಗಳಲ್ಲಿ ನಾವು ವಾರ್ಡಿನ ಫ್ರಿಜ್ ತೆಗೆದು ಆಂಪೂಲ್ ಎಣಿಸಿ ಎಣಿಸಿ ಇಡುತ್ತಿದ್ದೆವು. ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹಸುವಿಗೆ ಚುಚ್ಚುವವನು ಲೇಬಲ್ ಇಲ್ಲದ ಬಾಟಲಿ ತರುತ್ತಾನೆ. ಅವನನ್ನು ಹಿಡಿಯದೆ ಬಾಣಂತಿಯ ಔಷಧಿಗೆ ಕೈ ಹಾಕಿದ್ದು ನನಗೆ ಇವತ್ತಿಗೂ ಸಿಟ್ಟು.

ಇನ್ನು ಹಾಲಿನ ಮಾತು. ಇದು ಒಂಬತ್ತು ಅಮೈನೋ ಆಮ್ಲದ ಪುಟ್ಟ ಸರ. ರಕ್ತದಲ್ಲಿ ಕೆಲವೇ ನಿಮಿಷ ಇರುತ್ತದೆ. ಬಾಯಿಂದ ಹೋದರೆ ಬೇಳೆಯ ಪ್ರೋಟೀನಿನ ಹಾಗೆ ಹೊಟ್ಟೆಯಲ್ಲಿ ಜೀರ್ಣ ಆಗುತ್ತದೆ. ಅದಕ್ಕೇ ನಾವು ಬಾಣಂತಿಗೆ ಇದನ್ನು ಕುಡಿಸುವುದಿಲ್ಲ, ಚುಚ್ಚುತ್ತೇವೆ. ಅಲ್ಲದೆ ಇದು ಈಸ್ಟ್ರೋಜನ್ ಅಲ್ಲ, ಎದೆ ಬೆಳೆಸುವ ಹಾರ್ಮೋನ್ ಅಲ್ಲ. ಹಾಲುಣಿಸುವ ಪ್ರತಿ ತಾಯಿಯ ಮೈಯಲ್ಲೂ ಇದು ಹರಿಯುತ್ತದೆ. ನಿಮ್ಮ ಮಕ್ಕಳು ಅದೇ ಎದೆಹಾಲು ಕುಡಿದಿಲ್ಲವೇ?

ಗಿಡ್ಡ ಹಸುವಿನ ಅಭಿಮಾನಿ, ತೀರ್ಥಹಳ್ಳಿ ಮೂಲ:
ನರ್ಸ್ ಅವರೇ, ಓದಿಕೊಂಡವರು ಹೀಗೆಯೇ ಹೇಳುತ್ತಾರೆ. ಕಣ್ಣಾರೆ ಕಂಡಿದ್ದನ್ನು ನಾನು ಹೇಳುತ್ತೇನೆ.

ನನ್ನ ತಮ್ಮನ ಮಗಳಿಗೆ ಒಂದೂ ಮುಕ್ಕಾಲು ವರ್ಷ ಇದ್ದಾಗ ಎದೆಯಲ್ಲಿ ಇದೇ ರೀತಿ ಗಂಟು. ಆ ವಾರವೇ ಪ್ಯಾಕೆಟ್ ನಿಲ್ಲಿಸಿ ನಮ್ಮ ನಾಟಿ ತಳಿ ಮಲೆನಾಡು ಗಿಡ್ಡದ ಹಾಲು ಶುರು ಮಾಡಿದೆವು. ಲೀಟರಿಗೆ 130, ಮೇಲೆ ಬಾಟಲಿ ಠೇವಣಿ 50. ಮಳೆಗಾಲದಲ್ಲಿ ಎಷ್ಟೋ ದಿನ ಹಾಲು ಬರುತ್ತಲೇ ಇರಲಿಲ್ಲ, ಆಗ ಗಂಜಿ ಕುಡಿಸಿದ್ದೇವೆ. ಹತ್ತು ತಿಂಗಳಿಗೆ ಗಂಟು ಮಾಯ. ಒಂದು ಮಾತ್ರೆ ಇಲ್ಲ, ಒಂದು ಸೂಜಿ ಇಲ್ಲ. ಈಗ ಅವಳಿಗೆ ಒಂಬತ್ತು, ಚೂಟಿಯಾಗಿದ್ದಾಳೆ. ಇದು ಎ2 ಹಾಲಿನ ಗುಣ. ಸೀಮೆಹಸು ಬಂದ ಮೇಲೆಯೇ ಈ ರೋಗಗಳೆಲ್ಲಾ ಬಂದಿದ್ದು.

ಲೇಬರ್ ವಾರ್ಡ್ ನರ್ಸ್, ದಾವಣಗೆರೆ:
ಎರಡು ವರ್ಷದೊಳಗಿನ ಹೆಣ್ಣುಮಕ್ಕಳಿಗೆ ಬರುವ ಗಂಟು ಬಹಳ ಸಲ ತಾನಾಗಿಯೇ ಹೋಗುತ್ತದೆ. ಹಾಲು ಬದಲಿಸಿದರೂ ಹೋಗುತ್ತದೆ, ಬದಲಿಸದಿದ್ದರೂ ಹೋಗುತ್ತದೆ. ಏಳೂವರೆ ವರ್ಷದ ಮಗುವಿನದು ಬೇರೆ ಮಾತು. ನಿಮ್ಮ ಮಾತು ಕೇಳಿ ಈ ತಾಯಿ ಇನ್ನೂ ಹತ್ತು ತಿಂಗಳು ಕಾದರೆ ಹೊಣೆ ಯಾರು?

ಹಾಸನದವಳು, ಈಗ ಮೈಸೂರು:
ನೂರಕ್ಕೆ ನೂರು. "ನಮ್ಮ ಮನೆ ಹುಡುಗಿಗೆ ಹೋಯಿತು" ಎಂದು ನನಗೆ ಹೇಳಿದವರೂ ಹೀಗೇ ಎರಡು ವರ್ಷದ ಮಗುವಿನ ಕಥೆ ಹೇಳಿದ್ದರು. ವಯಸ್ಸು ಕೇಳಬೇಕು ಎಂದು ನನಗೂ ಹೊಳೆಯಲಿಲ್ಲ.

ಮದ್ದೂರಿನ ಹೈನುಗಾರ:
ಗಿಡ್ಡ ಹಸುವಿನ ಅಣ್ಣಾ, ಒಂದು ಪ್ರಶ್ನೆ. ಮಲೆನಾಡು ಗಿಡ್ಡ ದಿನಕ್ಕೆ ಎರಡು ಮೂರು ಲೀಟರ್ ಕೊಟ್ಟರೆ ಹೆಚ್ಚು. ಕರುವಿಗೆ ಬಿಟ್ಟು ಉಳಿದದ್ದು ಮಾರಬೇಕು. ನಿಮ್ಮ ಹಾಲಿನವನು ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಮನೆಗೆ ಹಾಕುತ್ತಾನೆ? ಇನ್ನೂರು ಮನೆಯಾ? ಹಾಗಾದರೆ ಅವನ ಕೊಟ್ಟಿಗೆಯಲ್ಲಿ ಎಷ್ಟು ಗಿಡ್ಡ ಇದೆ, ಹೋಗಿ ಎಣಿಸಿದ್ದೀರಾ?

ಗಿಡ್ಡ ಹಸುವಿನ ಅಭಿಮಾನಿ, ತೀರ್ಥಹಳ್ಳಿ ಮೂಲ:
ಎಪ್ಪತ್ತು ದಿನ ಮೂಕಪ್ರಾಣಿಗೆ ಸೂಜಿ ಚುಚ್ಚಿದವರು ನನಗೆ ಬುದ್ಧಿ ಹೇಳಬೇಡಿ. ನಮ್ಮ ಹಾಲಿನವರು ನಂಬಿಕಸ್ಥರು.

ಮದ್ದೂರಿನ ಹೈನುಗಾರ:
ಚುಚ್ಚಿದ್ದನ್ನು ನಾನೇ ಹೇಳಿದೆ. ನೀವು ಕಂಡುಹಿಡಿದಿದ್ದಲ್ಲ. ನಂಬಿಕಸ್ಥರು ಎನ್ನುವುದಕ್ಕೆ ಲೆಕ್ಕ ಇರಬೇಕು. ನಮ್ಮ ಡೇರಿಯಲ್ಲಿ ದಿನಾ ಎರಡು ಹೊತ್ತು ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು ಎಂದು ಚೀಟಿ ಕೊಡುತ್ತಾರೆ. ನಿಮ್ಮ ಬಾಟಲಿಗೆ ಚೀಟಿ ಇದೆಯಾ?

ತಿಲ ಮತ್ತು ರಾಗಿ, ಮಲ್ಲೇಶ್ವರಂ:
ಎ1, ಎ2 ಎನ್ನುವುದು ಹಾಲಿನ ಒಂದು ಪ್ರೋಟೀನಿನ ವ್ಯತ್ಯಾಸ. ಬೀಟಾ ಕೇಸೀನ್. ಹಾರ್ಮೋನಿಗೂ ಅದಕ್ಕೂ ಸಂಬಂಧವೇ ಇಲ್ಲ. ಗಿಡ್ಡವೂ ಗಬ್ಬ ಆಗುತ್ತದೆ, ಅದರ ಹಾಲಿನಲ್ಲೂ ಈಸ್ಟ್ರೋಜನ್ ಇರುತ್ತದೆ. 2024ರ ಆಗಸ್ಟಿನಲ್ಲಿ ಆಹಾರದ ಗುಣಮಟ್ಟ ನೋಡುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಪ್ಯಾಕೆಟ್ ಮೇಲಿನ ಎ2 ಹೆಸರು ತೆಗೆಯಿರಿ ಎಂದಿತ್ತು, ನೆನಪಿದೆಯಾ?

ಗಿಡ್ಡ ಹಸುವಿನ ಅಭಿಮಾನಿ, ತೀರ್ಥಹಳ್ಳಿ ಮೂಲ:
ಒಂದೇ ವಾರದಲ್ಲಿ ಆ ಆದೇಶ ವಾಪಸ್ ತೆಗೆದುಕೊಂಡರು. ಅದನ್ನು ಯಾಕೆ ಹೇಳುವುದಿಲ್ಲ? ಅರ್ಧ ಹೇಳುವುದೂ ಸುಳ್ಳೇ.

ಲೇಬರ್ ವಾರ್ಡ್ ನರ್ಸ್, ದಾವಣಗೆರೆ:
ತಿಲ ಅವರು ಹೇಳಿದ ಜಪಾನಿನ ಅಧ್ಯಯನವೂ ಅರ್ಧವೇ. ಅದರಲ್ಲಿ ಇದ್ದವರು ಇಪ್ಪತ್ತು ಜನವೂ ಇಲ್ಲ. ಮೂತ್ರದಲ್ಲಿ ಏರಿತು ಎಂದರೆ ಮಕ್ಕಳು ಬೇಗ ಮೈನೆರೆದರು ಎಂದು ಅರ್ಥ ಅಲ್ಲ. ಹುಡುಗಿಯರು ಬೇಗ ದೊಡ್ಡವರಾಗುವುದಕ್ಕೆ ತೂಕಕ್ಕೆ ನಂಟಿದೆ, ಮನೆತನಕ್ಕೆ ನಂಟಿದೆ. ಅಮ್ಮ ಎಷ್ಟನೇ ವಯಸ್ಸಿಗೆ ದೊಡ್ಡವಳಾದಳು ಎಂದು ಡಾಕ್ಟರು ಮೊದಲು ಕೇಳುತ್ತಾರೆ. ನಿಮ್ಮ ಮುಟ್ಟು ಸರಿಹೋದಾಗ ನಿಮ್ಮ ತೂಕ ಇಳಿದಿತ್ತಾ?

ತಿಲ ಮತ್ತು ರಾಗಿ, ಮಲ್ಲೇಶ್ವರಂ:
ಹನ್ನೊಂದು ಕೆ.ಜಿ. ಇಳಿದಿತ್ತು. ಹಾಲು, ತುಪ್ಪ, ಸ್ವೀಟು ಬಿಟ್ಟಿದ್ದಕ್ಕೇ ಇಳಿದಿದ್ದು. ಅದನ್ನು ಬೇರೆ ಮಾಡಿ ನೋಡಲು ನನ್ನ ದೇಹ ಪ್ರಯೋಗಶಾಲೆ ಅಲ್ಲ. ನನಗೆ ಗುಣ ಆಗಿದೆ, ಅಷ್ಟು ಸಾಕು. ಯಾರ ಅಪ್ಪಣೆಯೂ ಬೇಕಿಲ್ಲ.

ಕ್ಯಾಲಿಫೋರ್ನಿಯಾ ಕನ್ನಡಿಗ:
ಇಲ್ಲಿ ಇನ್ನೊಂದು ಗೊಂದಲ ಆಗುತ್ತಿದೆ ಅನ್ನಿಸುತ್ತದೆ. "ಹಾಲಿನಲ್ಲಿ ಹಾರ್ಮೋನ್" ಎಂದು ನೀವು ಇಂಗ್ಲಿಷಿನಲ್ಲಿ ಓದುವ ಅರ್ಧ ಬರಹಗಳು ಅಮೆರಿಕದ ಆರ್‌ಬಿಎಸ್‌ಟಿ ಬಗ್ಗೆ. ಅದು ಆಕ್ಸಿಟೋಸಿನ್ ಅಲ್ಲ. ಹಸುವಿನ ಬೆಳವಣಿಗೆ ಹಾರ್ಮೋನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಎರಡು ವಾರಕ್ಕೊಮ್ಮೆ ಚುಚ್ಚುವುದು. ಇಲ್ಲಿ 1993ರಲ್ಲಿ ಒಪ್ಪಿಗೆ ಸಿಕ್ಕಿತು, ಮರುವರ್ಷ ಮಾರಾಟಕ್ಕೆ ಬಂತು. ಕೆನಡಾ 1999ರಲ್ಲಿ ಬೇಡ ಎಂದಿತು. ಅಲ್ಲಿ ಬೇಡ ಎಂದಿದ್ದು ಹಾಲು ಕುಡಿಯುವವರಿಗೆ ಅಪಾಯ ಎಂದಲ್ಲ, ಹಸುಗಳಿಗೆ ಕೆಚ್ಚಲು ಬಾವು, ಕುಂಟು ಜಾಸ್ತಿ ಆಗುತ್ತದೆ ಎಂದು. ಕೆಚ್ಚಲು ಬಾವಿನ ಅಪಾಯ ಸುಮಾರು 25 ಶೇಕಡಾ ಏರುತ್ತದೆ ಎಂದು ಅಲ್ಲಿನ ಪಶುವೈದ್ಯರ ಸಮಿತಿ ಹೇಳಿತು. ಯುರೋಪಿನಲ್ಲೂ ನಿಷೇಧ ಇದೆ.

ನಾನು ಇಲ್ಲಿಗೆ ಬಂದಾಗ ಮಗಳು ಮೂರು ವರ್ಷದವಳು. ಅಂಗಡಿಯಲ್ಲಿ "ಈ ಹಾರ್ಮೋನ್ ಕೊಡದ ಹಸುವಿನ ಹಾಲು" ಎಂದು ಬರೆದ ಕ್ಯಾನ್ ಹುಡುಕಿ, ಒಂದೂವರೆ ಪಟ್ಟು ದುಡ್ಡು ಕೊಟ್ಟು ತಂದೆ. ಐದು ವರ್ಷ ತಂದೆ. ಅದೇ ಕ್ಯಾನಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಎರಡೂ ಹಾಲಿಗೆ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ" ಎಂದಿರುತ್ತಿತ್ತು. ಆ ಸಾಲು ಓದಿದಾಗೆಲ್ಲಾ ದುಡ್ಡು ಹೋಯಿತೋ ಮಗಳು ಉಳಿದಳೋ ಎಂದು ತಿಳಿಯದೆ ನಿಲ್ಲುತ್ತಿದ್ದೆ. ಆದರೂ ತರುವುದು ಬಿಡಲಿಲ್ಲ. ಹಸುವಿಗಾದರೂ ನೋವು ಕಡಿಮೆ ಅಲ್ವಾ ಎಂದುಕೊಂಡೆ.

ಮದ್ದೂರಿನ ಹೈನುಗಾರ:
ಸರ್, ಆ ಎರಡು ವಾರದ ಇಂಜೆಕ್ಷನ್ ನಮ್ಮೂರಿನಲ್ಲಿ ಯಾರೂ ಕಂಡಿಲ್ಲ. ದಯವಿಟ್ಟು ಅದನ್ನು ನಮ್ಮ ತಲೆಗೆ ಕಟ್ಟಬೇಡಿ. ನಿಜವಾಗಿ ಭಯಪಡಬೇಕಾದದ್ದು ಬೇರೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಕೆಚ್ಚಲು ಬಾವಿಗೆ ಆ್ಯಂಟಿಬಯಾಟಿಕ್ ಹಾಕಿದರೆ ಡಾಕ್ಟರು ಹೇಳಿದಷ್ಟು ದಿನ ಹಾಲು ಚೆಲ್ಲಬೇಕು. ಹೋದ ವರ್ಷ ನಾನು ಒಂದು ಹಸುವಿನ ನಾಲ್ಕು ದಿನದ ಹಾಲು, 44 ಲೀಟರ್, ತಿಪ್ಪೆಗೆ ಸುರಿದೆ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಿಂಡಿ ಹಾಕಿದರೆ ಅದರ ವಿಷವೂ ಹಾಲಿಗೆ ಇಳಿಯುತ್ತದೆ. ಎರಡು ಮೂಟೆ ಎಸೆದಿದ್ದೇನೆ. ಚೆಲ್ಲಿದ ಹಾಲಿಗೆ, ಎಸೆದ ಹಿಂಡಿಗೆ ಯಾರೂ ದುಡ್ಡು ಕೊಡುವುದಿಲ್ಲ. ಚೆಲ್ಲದವನಿಗೂ ಅದೇ ರೇಟು, ಚೆಲ್ಲಿದವನಿಗೂ ಅದೇ ರೇಟು.

ಲೇಬರ್ ವಾರ್ಡ್ ನರ್ಸ್, ದಾವಣಗೆರೆ:
ಈ ಮಾತಿಗೆ ನನ್ನ ಒಪ್ಪಿಗೆ ಇದೆ. 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷೆ ಮಾಡಿದ್ದರು. 368ರಲ್ಲಿ ಆ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಮಿತಿಗಿಂತ ಜಾಸ್ತಿ ಇತ್ತು. ಆ್ಯಂಟಿಬಯಾಟಿಕ್ 77ರಲ್ಲಿ. ಅದರ ಬಗ್ಗೆ ಯಾವ ಅತ್ತೆಯೂ ಮಾತಾಡುವುದಿಲ್ಲ.

ತಿಲ ಮತ್ತು ರಾಗಿ, ಮಲ್ಲೇಶ್ವರಂ:
ಅಂದರೆ ಹಾಲು ಕುಡಿಯಬಾರದು ಎಂದು ನೀವೇ ಹೇಳಿದ ಹಾಗಾಯಿತು.

ಮದ್ದೂರಿನ ಹೈನುಗಾರ:
ನಾನು ಹಾಗೆ ಹೇಳಿಲ್ಲ. ಒಳ್ಳೆ ಹಾಲಿಗೆ ಒಳ್ಳೆ ರೇಟು ಕೊಡಿ ಎಂದೆ. ನಿಮ್ಮ ಎಳ್ಳಿಗೂ ಔಷಧಿ ಹೊಡೆಯುತ್ತಾರೆ, ಬೆಳೆಯುವವರನ್ನು ಕೇಳಿ.

ಗಿಡ್ಡ ಹಸುವಿನ ಅಭಿಮಾನಿ, ತೀರ್ಥಹಳ್ಳಿ ಮೂಲ:
ಹೈನುಗಾರರೇ, ನಿನ್ನೆ ನಮ್ಮ ಹಾಲಿನವರಿಗೆ ಫೋನ್ ಮಾಡಿ ಕೇಳಿದೆ. ಹದಿನೆಂಟು ಗಿಡ್ಡ ಇವೆಯಂತೆ. ಉಳಿದ ಹಾಲು ಅಕ್ಕಪಕ್ಕದ ಊರಿನಿಂದ ಬರುತ್ತದಂತೆ. ಯಾವ ಹಸುವಿನದು ಎಂದರೆ ಸರಿಯಾಗಿ ಹೇಳಲಿಲ್ಲ. ಭಾನುವಾರ ನಾನೇ ಹೋಗಿ ನೋಡುತ್ತೇನೆ. ಆದರೆ ನಮ್ಮ ಮಗುವಿಗೆ ಗುಣವಾಗಿದ್ದು ಸುಳ್ಳಲ್ಲ.

ಆರ್.ಆರ್. ನಗರದ ಅಮ್ಮ:
ಎಲ್ಲರೂ ಇಷ್ಟು ಬರೆದಿದ್ದೀರಿ, ಎರಡೆರಡು ಸಲ ಓದಿದೆ. ದಯವಿಟ್ಟು ಜಗಳ ಬೇಡ. ನಾನು ಹತ್ತನೇ ವಯಸ್ಸಿಗೇ ದೊಡ್ಡವಳಾದೆ, ಅದನ್ನು ನಾನು ಇಲ್ಲಿ ಬರೆದೇ ಇರಲಿಲ್ಲ. ಮಕ್ಕಳ ಹಾರ್ಮೋನ್ ಡಾಕ್ಟರ ಹತ್ತಿರ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಟೈಮ್ ಸಿಕ್ಕಿದೆ. ಹಾಲು ಸದ್ಯಕ್ಕೆ ಒಂದು ಲೋಟ ಕೊಡುತ್ತಿದ್ದೇನೆ. ಅತ್ತೆಗೆ ಶನಿವಾರದವರೆಗೆ ಸುಮ್ಮನಿರಿ ಎಂದಿದ್ದೇನೆ. ಹಾಸನದ ಅಕ್ಕ, ಹೋಗುವಾಗ ಏನೇನು ತೆಗೆದುಕೊಂಡು ಹೋಗಲಿ?

ಹಾಸನದವಳು, ಈಗ ಮೈಸೂರು:
ಶಾಲೆಯ ಹೆಲ್ತ್ ಕಾರ್ಡ್ ತಗೊಂಡು ಹೋಗಿ ತಂಗಿ. ಯಾವ ವರ್ಷ ಎಷ್ಟು ಎತ್ತರ, ಎಷ್ಟು ತೂಕ ಎಂದು ಅದರಲ್ಲಿ ಇರುತ್ತದೆ, ಡಾಕ್ಟರು ಅದನ್ನೇ ಮೊದಲು ಕೇಳುವುದು. ಇಲ್ಲದಿದ್ದರೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದರೆ ಅಳತೆ ಬರೆದುಕೊಂಡು ಹೋಗಿ. ನಿಮ್ಮ ಎತ್ತರ, ಯಜಮಾನರ ಎತ್ತರವೂ ಬೇಕು, ಅವರನ್ನೂ ಕರೆದುಕೊಂಡು ಹೋಗಿ. ಮೊದಲ ದಿನ ಬಹುಶಃ ಎಡಗೈ ಎಕ್ಸ್‌ರೇ ಬರೆಯುತ್ತಾರೆ, ಅದಕ್ಕೆ ಸೂಜಿ ಇಲ್ಲ ಎಂದು ಮಗುವಿಗೆ ಮೊದಲೇ ಹೇಳಿ. ನಾನು ಹೇಳಿರಲಿಲ್ಲ, ಬಾಗಿಲಲ್ಲೇ ಅಳಲು ಶುರು ಮಾಡಿದ್ದಳು. ಅವಳ ಮುಂದೆ ಮನೆಯಲ್ಲಿ ಯಾರೂ ಎದೆ, ಗಂಟು ಎಂದು ಮಾತಾಡಬೇಡಿ. ನನ್ನ ಮಗಳು ಒಂದು ವರ್ಷ ಶಾಲೆಗೆ ಬ್ಯಾಗನ್ನು ಮುಂದೆ ಹಾಕಿಕೊಂಡು ಹೋಗುತ್ತಿದ್ದಳು. ಶನಿವಾರ ಸಂಜೆ ಏನಂದರು ಬರೆಯಿರಿ, ನಾನು ನೋಡುತ್ತಿರುತ್ತೇನೆ.